ಸುದ್ದಿ ಬರೆಯುವ ಮುಂಚಿನ ಕೆಲಸ: ಹೈಸ್ಕೂಲು ವರದಿಗಾರರಿಗೆ

ಶಾಲಾ ಪತ್ರಿಕೆಗೆ ಬರೆಯಲು ಹೊರಟ ಹುಡುಗ ಹುಡುಗಿಯರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಚೆನ್ನಾಗಿ ಬರೆಯುವುದು ಹೇಗೆ? ವಿದ್ಯಾರ್ಥಿಗಳ ವರದಿ ಭಾಷೆಯಿಂದ ಕೆಡುವುದು ಕಡಿಮೆ. ಕೇಳಬೇಕಾದ್ದನ್ನು ಕೇಳದೆ, ಹೋಗಬೇಕಾದ ಕಡೆ ಹೋಗದೆ ಬರೆಯಲು ಕೂತದ್ದರಿಂದ ಕೆಡುವುದೇ ಹೆಚ್ಚು. ಹಾಗೆ ಉಳಿದ ಖಾಲಿ ಜಾಗ ತುಂಬಲು ‘ಅದ್ಧೂರಿ’, ‘ಅರ್ಥಪೂರ್ಣ’, ‘ವಿಜೃಂಭಣೆಯಿಂದ’ ಎಂಬ ಪದಗಳು ಓಡೋಡಿ ಬರುತ್ತವೆ. ಒಂದು ವರದಿಯಲ್ಲಿ ‘ಅರ್ಥಪೂರ್ಣ ಕಾರ್ಯಕ್ರಮ’ ಎಂದು ಕಂಡರೆ, ಅಲ್ಲಿ ಏನು ನಡೆಯಿತೆಂಬುದು ಬರೆದವರ ನೋಟ್‌ಪುಸ್ತಕದಲ್ಲಿ ಇಲ್ಲ ಎಂದು ತಿಳಿಯಿರಿ. ಆದ್ದರಿಂದ ಇಲ್ಲಿರುವುದರಲ್ಲಿ ಹೆಚ್ಚಿನ ಪಾಲು ಬರೆಯಲು ಕೂರುವ ಮುಂಚಿನ ಕೆಲಸದ ಬಗ್ಗೆ.

ವಿಷಯ ಬೇರೆ, ಸುದ್ದಿ ಬೇರೆ

‘ನಮ್ಮ ಶಾಲೆಯ ಗ್ರಂಥಾಲಯ’ ಎಂಬುದು ವಿಷಯ. ಪ್ರಬಂಧಕ್ಕೆ ಸಾಕು, ಸುದ್ದಿಗೆ ಸಾಲದು. ‘ಸಂಜೆ 6ಕ್ಕೆ ಮುಚ್ಚುತ್ತಿದ್ದ ಗ್ರಂಥಾಲಯ ಈಗ 4:30ಕ್ಕೇ ಮುಚ್ಚುತ್ತಿದೆ’ ಎಂಬುದು ಸುದ್ದಿ. ಏನೋ ಬದಲಾಗಿದೆ, ಅದರಿಂದ ಯಾರಿಗೋ ಏನೋ ಆಗಿದೆ. ತಲೆಯಲ್ಲಿರುವ ಐಡಿಯಾವನ್ನು ಹತ್ತು ಹನ್ನೆರಡು ಪದಗಳ ಒಂದು ವಾಕ್ಯವಾಗಿ ಬರೆದು ನೋಡಿ. ವಾಕ್ಯ ಮುಗಿಸಲು ‘ಇದೆ’ ಎಂಬುದನ್ನು ಬಿಟ್ಟು ಬೇರೆ ಕ್ರಿಯಾಪದ ಸಿಗದಿದ್ದರೆ ಸುದ್ದಿ ಇನ್ನೂ ಕೈಗೆ ಬಂದಿಲ್ಲ.

ಇಂಥ ವಾಕ್ಯಗಳು ಮೇಜಿನ ಮುಂದೆ ಕೂತು ಯೋಚಿಸಿದರೆ ಹುಟ್ಟುವುದಿಲ್ಲ. ಪತ್ರಿಕೆಯವರು ಬೀಟ್ ಎನ್ನುತ್ತಾರಲ್ಲ, ಅದು ಇದಕ್ಕಾಗಿಯೇ ಇರುವುದು: ಒಬ್ಬರಿಗೆ ಒಂದು ಕ್ಷೇತ್ರ, ಸುದ್ದಿ ಇರಲಿ ಬಿಡಲಿ ಅಲ್ಲಿಗೆ ಹೋಗಿ ಬರುವ ಹೊಣೆ. ಗ್ರಂಥಾಲಯ, ಆಟದ ಮೈದಾನ, ಪ್ರಯೋಗಾಲಯ, ವಿದ್ಯಾರ್ಥಿ ಸಂಘ, ಪರೀಕ್ಷೆ ಹೀಗೆ ಐದಾರು ಬೀಟ್ ಮಾಡಿಕೊಂಡರೆ ಒಂದು ಶಾಲೆ ಮುಗಿಯಿತು. ವಾರಕ್ಕೆ ಎರಡು ಸಲ, ಹತ್ತತ್ತು ನಿಮಿಷ ಸಾಕು. ಹೋದಾಗ ನೋಟಿಸ್ ಬೋರ್ಡಿನ ಫೋಟೊ ತೆಗೆದು ತಾರೀಖಿನ ಪ್ರಕಾರ ಜೋಡಿಸಿಡಿ. ಎರಡು ತಿಂಗಳ ಬಳಿಕ ಹಳೆಯ ಫೋಟೊದ ಪಕ್ಕ ಹೊಸದನ್ನು ಇಟ್ಟರೆ ಯಾವ ನೋಟಿಸು ಸದ್ದಿಲ್ಲದೆ ಮಾಯವಾಗಿದೆ, ಯಾವ ವೇಳಾಪಟ್ಟಿಯಲ್ಲಿ ಪೆನ್ನಿನ ತಿದ್ದುಪಡಿ ಬಿದ್ದಿದೆ ಎಂಬುದು ಕಾಣುತ್ತದೆ. ಬೀಗ ಹಾಕುವವರು, ಗುಡಿಸುವವರು, ಗಂಟೆ ಹೊಡೆಯುವವರಿಗೆ ಬದಲಾವಣೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಸುದ್ದಿ ಬೇಡದ ದಿನವೂ ಅವರನ್ನು ಮಾತಾಡಿಸುವವರಿಗೆ ಸುದ್ದಿ ಸಿಗುತ್ತದೆ.

ಗ್ರಂಥಾಲಯದ ಉದಾಹರಣೆಯನ್ನೇ ಹಿಡಿದು ಹೋಗೋಣ. ಹೊಸಬರು ಗ್ರಂಥಪಾಲಕರನ್ನು ಒಂದು ಮಾತು, ಪಕ್ಕದ ಬೆಂಚಿನ ಇಬ್ಬರು ಗೆಳೆಯರನ್ನು ಒಂದು ಮಾತು ಕೇಳಿ ಬರೆಯಲು ಕೂರುತ್ತಾರೆ. ಈ ಸುದ್ದಿಗೆ ಬೇಕಾದವರು ಇನ್ನೂ ಇದ್ದಾರೆ. ಸಮಯ ಬದಲಿಸಲು ತೀರ್ಮಾನಿಸಿದವರು ಯಾರು, ಅವರು ಬೇಕು. ಸಂಜೆ ಅಲ್ಲೇ ಕೂತು ಓದುತ್ತಿದ್ದವರು ಬೇಕು. ಬದಲಾವಣೆಯಿಂದ ಅನುಕೂಲವಾದವರು ಬೇಕು. ಬೇಗ ಮನೆ ಸೇರುವಂತಾದ ಸಿಬ್ಬಂದಿ ಇರಬಹುದು, ಅವರ ಮಾತನ್ನು ಬಿಟ್ಟರೆ ವರದಿ ದೂರಿನ ಅರ್ಜಿಯಂತಾಗುತ್ತದೆ. ಇದೇ ತೊಂದರೆಯನ್ನು ಬೇರೆ ರೀತಿ ಬಗೆಹರಿಸಿಕೊಂಡ ಇನ್ನೊಂದು ಶಾಲೆ ಸಿಕ್ಕರೆ ಅವರೂ ಬೇಕು.

ಜನ ಆದ ಮೇಲೆ ಕಾಗದ. ಸಮಯ ಬದಲಾಯಿಸಿದ ನೋಟಿಸಿನ ತಾರೀಖು, ಒಳಗೆ ಬರುವವರು ಸಹಿ ಹಾಕುವ ರಿಜಿಸ್ಟರ್, ಪುಸ್ತಕ ಕೊಟ್ಟ ಲೆಕ್ಕ. ‘ಮಾಹಿತಿ ಕೊಡಿ’ ಎಂದು ಕೇಳಿದರೆ ‘ನಾಳೆ ಬಾ’ ಎಂಬ ಉತ್ತರ ಬರುತ್ತದೆ. ‘ಕಳೆದ ವರ್ಷದ ಮತ್ತು ಈ ವರ್ಷದ ಫೆಬ್ರವರಿಯ ಪ್ರವೇಶ ರಿಜಿಸ್ಟರ್ ನೋಡಬಹುದೇ, ಇಲ್ಲೇ ಕೂತು ಎಣಿಸಿಕೊಳ್ಳುತ್ತೇನೆ’ ಎಂದರೆ ಕೊಡುವುದು ಸುಲಭ, ಇಲ್ಲ ಎನ್ನುವುದು ಕಷ್ಟ. ಸಾರ್ವಜನಿಕ ದಾಖಲೆ ನೋಡುವ ಹಕ್ಕನ್ನು ಕಾನೂನಾಗಿ ಬರೆದದ್ದರಲ್ಲಿ ಸ್ವೀಡನ್ ಮೊದಲನೆಯದು, 1766ರಲ್ಲಿ. ಈಗ ಬಹಳ ದೇಶಗಳಲ್ಲಿ ಅಂಥ ಕಾನೂನಿದೆ. ನಿಮ್ಮಲ್ಲಿ ಅದು ಶಾಲೆಗೆ ಅನ್ವಯಿಸುತ್ತದೆಯೇ, ಅರ್ಜಿದಾರರ ವಯಸ್ಸಿನ ನಿಯಮವೇನು, ಉತ್ತರಕ್ಕೆ ಎಷ್ಟು ದಿನ ಎಂದು ಓದಿಟ್ಟುಕೊಳ್ಳಿ.

ಮೂರನೆಯದು ನಿಮ್ಮ ಕಣ್ಣು. ಮೂರು ಸಂಜೆ 4:30ರಿಂದ 6ರವರೆಗೆ ಗ್ರಂಥಾಲಯದ ಬಾಗಿಲ ಎದುರು ನಿಂತು, ಬಂದು ಬೀಗ ನೋಡಿ ಹಿಂತಿರುಗಿದವರನ್ನು ಎಣಿಸಿ. ಬೇಸರದ ಕೆಲಸ, ನಿಜ. ಆದರೆ ಆ ಸಂಖ್ಯೆ ಯಾವ ರಿಜಿಸ್ಟರಿನಲ್ಲೂ ಇಲ್ಲ, ಯಾರ ಬಾಯಲ್ಲೂ ಇಲ್ಲ, ನಿಮ್ಮ ಹತ್ತಿರ ಮಾತ್ರ ಇದೆ.

ನೋಟ್‌ಪುಸ್ತಕ

ಅಂಗೈಯಲ್ಲಿ ಹಿಡಿಯುವಷ್ಟು ಅಗಲದ, ಮೇಲ್ಗಡೆ ಸುರುಳಿ ತಂತಿ ಇರುವ ಪುಸ್ತಕ ನಿಂತು ಬರೆಯಲು ಅನುಕೂಲ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿಬಿಡಿ. ಪ್ರತಿ ಭೇಟಿಯ ಮೇಲೆ ತಾರೀಖು, ಸಮಯ, ಜಾಗ. ಹಾಳೆಯ ಒಂದೇ ಬದಿಯಲ್ಲಿ ಬರೆಯಿರಿ; ಹಿಂಬದಿ ಆಮೇಲೆ ನೆನಪಾದದ್ದಕ್ಕೆ ಇರಲಿ. ಎಡಗಡೆ ಎರಡು ಬೆರಳಗಲ ಅಂಚು ಬಿಟ್ಟು ಅಲ್ಲಿ ಗುರುತು ಹಾಕಿ: ಅವರು ಆಡಿದ ಮಾತೇ ಆದರೆ ಉದ್ಧರಣ ಚಿಹ್ನೆ, ನಿಮ್ಮ ಕಣ್ಣಿಗೆ ಕಂಡದ್ದಕ್ಕೆ ‘ಕ’, ಪರಿಶೀಲಿಸಬೇಕಾದ್ದಕ್ಕೆ ವೃತ್ತದೊಳಗೊಂದು ಪ್ರಶ್ನಾರ್ಥಕ. ಗುರುತಿಲ್ಲದ್ದು ನಿಮ್ಮ ಸಾರಾಂಶ.

ಈ ಗುರುತುಗಳನ್ನು ಹಗುರವಾಗಿ ನೋಡಬೇಡಿ. ಮಾತಿನ ವೇಗ ಕೈಬರಹದ ವೇಗಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಪುಸ್ತಕದಲ್ಲಿ ಬಹುಪಾಲು ಸಾರಾಂಶವೇ ಇರುತ್ತದೆ. ಮೂರು ದಿನ ಕಳೆದು ಬರೆಯಲು ಕೂತಾಗ ಯಾವುದು ಅವರ ಮಾತು, ಯಾವುದು ನಿಮ್ಮ ಮಾತು ಎಂಬುದು ಮರೆತಿರುತ್ತದೆ. ಆಗ ಸಾರಾಂಶಕ್ಕೆ ಉದ್ಧರಣ ಚಿಹ್ನೆ ಏರುತ್ತದೆ. ‘ನಾನು ಹಾಗೆ ಹೇಳಿಯೇ ಇಲ್ಲ’ ಎಂಬ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ. ಭೇಟಿ ಮುಗಿದ ಒಂದು ಗಂಟೆಯೊಳಗೆ ಎಲ್ಲಾದರೂ ಕೂತು ಅರ್ಧ ಬರೆದ ಪದಗಳನ್ನು ಪೂರ್ತಿ ಮಾಡಿ. ರಾತ್ರಿಗೆ ಇಟ್ಟುಕೊಂಡರೆ ‘ಗ್ರಂಪಾ ಹೇ ಸಿಬ್ಬ ಇಲ್ಲ’ ಎಂಬುದನ್ನು ನೀವೇ ಊಹಿಸಬೇಕಾಗುತ್ತದೆ.

ಹೆಸರನ್ನು ಕಿವಿಗೆ ಬಿದ್ದಂತೆ ಬರೆಯಬೇಡಿ, ಅವರ ಕೈಯಿಂದಲೇ ನಿಮ್ಮ ಪುಸ್ತಕದಲ್ಲಿ ಬರೆಸಿ. ಶ, ಷ, ಸ; ಲ, ಳ; ನ, ಣ; ಕೊನೆಯ ಅಕ್ಷರ ಹ್ರಸ್ವವೋ ದೀರ್ಘವೋ. ಮಂಜುಳ ಬೇರೆ, ಮಂಜುಳಾ ಬೇರೆ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬುದನ್ನೂ ಕೇಳಿ. ಹುದ್ದೆಯ ಹೆಸರನ್ನು ಬಾಗಿಲ ಮೇಲಿನ ಫಲಕದಿಂದ ನಕಲು ಮಾಡಿಕೊಳ್ಳಿ. ತನ್ನ ಹೆಸರೇ ತಪ್ಪಾಗಿರುವ ವರದಿಯಲ್ಲಿ ಉಳಿದದ್ದು ಸರಿ ಎಂದು ಯಾರೂ ನಂಬುವುದಿಲ್ಲ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲು ಅನುಮತಿ ಕೇಳಿ, ರೆಕಾರ್ಡಿಂಗ್ ಶುರುವಾದ ಮೇಲೆ ಇನ್ನೊಮ್ಮೆ ಕೇಳಿ, ಒಪ್ಪಿಗೆಯೂ ದಾಖಲಾಗುತ್ತದೆ. ಫ್ಲೈಟ್ ಮೋಡ್ ಹಾಕದಿದ್ದರೆ ನಡುವೆ ಬಂದ ಕರೆ ರೆಕಾರ್ಡಿಂಗ್ ಅನ್ನು ನಿಲ್ಲಿಸಿಬಿಡಬಹುದು. ಫೋನನ್ನು ನಂಬಿ ಬರೆಯುವುದನ್ನು ನಿಲ್ಲಿಸಬೇಡಿ. ಅರ್ಧ ಗಂಟೆಯ ಮಾತನ್ನು ಕೇಳಿ ಅಕ್ಷರಕ್ಕಿಳಿಸಲು ಎರಡು ಗಂಟೆಯಾದರೂ ಬೇಕು. ಮುಖ್ಯ ಮಾತು ಬಂದಾಗ ಎಷ್ಟನೇ ನಿಮಿಷವೆಂದು ಅಂಚಿನಲ್ಲಿ ಗುರುತು ಹಾಕಿಕೊಂಡರೆ ಆ ಭಾಗ ಮಾತ್ರ ಕೇಳಿದರಾಯಿತು. ತಾನೇ ಟೈಪ್ ಮಾಡಿಕೊಡುವ ತಂತ್ರಾಂಶಗಳು ಹೆಸರಿನಲ್ಲಿ, ಅಂಕಿಯಲ್ಲಿ ಎಡವುತ್ತವೆ. ಅದಕ್ಕಿಂತ ಅಪಾಯ ಕನ್ನಡದ ನಿಷೇಧ ವಾಕ್ಯದ ಕೊನೆಯಲ್ಲಿ ಅಡಗಿರುವುದು. ‘ಆಗುತ್ತೆ’, ‘ಆಗಲ್ಲ’, ‘ಮಾಡಬೇಕು’, ‘ಮಾಡಬಾರದು’. ಮಾತಿನ ಬಾಲ ತಗ್ಗಿದ ದನಿಯಲ್ಲಿ ನುಂಗಿಹೋಯಿತೆಂದರೆ ಅರ್ಥವೇ ತಿರುಗುತ್ತದೆ. ಉದ್ಧರಿಸುವ ಪ್ರತಿ ವಾಕ್ಯವನ್ನು ಕಿವಿಯಿಂದಲೇ ಇನ್ನೊಮ್ಮೆ ಕೇಳಿ.

ಕೇಳುವುದು

ಸಂದರ್ಶನಕ್ಕೆ ಮುಂಚೆ ಅರ್ಧ ಗಂಟೆ ಓದಿ, ಒಂದೇ ಪುಟದಲ್ಲಿ ಎಂಟು ಪ್ರಶ್ನೆ ಬರೆದುಕೊಳ್ಳಿ. ಹದಿನೈದು ಬರೆದುಕೊಂಡವರು ಪಟ್ಟಿ ಮುಗಿಸುವ ಆತುರದಲ್ಲಿ ಉತ್ತರವನ್ನೇ ಕೇಳಿಸಿಕೊಳ್ಳುವುದಿಲ್ಲ. ಸುಲಭವಾದ್ದು ಮೊದಲು: ಯಾವಾಗಿನಿಂದ, ಯಾರು, ಎಷ್ಟು. ಇರುಸುಮುರುಸಿನ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಗಂಟೆ ಹೊಡೆದು ಅವರು ಎದ್ದರೆ ಅದು ಹೋಯಿತು. ಐದನೆಯದೋ ಆರನೆಯದೋ ಆಗಿ ಬರಲಿ.

‘ಇದರಿಂದ ತೊಂದರೆಯಾಗಿದೆಯೇ?’ ಎಂದು ಕೇಳಿದರೆ ‘ಹೌದು’. ‘ಹೇಗನ್ನಿಸಿತು?’ ಎಂದು ಕೇಳಿದರೆ ‘ತುಂಬಾ ಖುಷಿಯಾಯಿತು’. ಎರಡೂ ಅಚ್ಚಿಗೆ ಬಾರದ ಉತ್ತರಗಳು. ‘ಕೊನೆಯ ಸಲ ಬಂದಾಗ ಬಾಗಿಲು ಮುಚ್ಚಿತ್ತಲ್ಲ, ಆಮೇಲೆ ಎಲ್ಲಿ ಕೂತು ಓದಿದಿರಿ?’ ಎಂದು ಕೇಳಿ ನೋಡಿ. ಮೆಟ್ಟಿಲು, ಬಸ್ ನಿಲ್ದಾಣ, ಗೆಳತಿಯ ಮನೆ, ಏನಾದರೊಂದು ಕಣ್ಣಿಗೆ ಕಟ್ಟುವಂಥದ್ದು ಬರುತ್ತದೆ. ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಬೇಡಿ, ಸುಲಭವಾದ್ದಕ್ಕೆ ಉತ್ತರಿಸಿ ಇನ್ನೊಂದನ್ನು ತೇಲಿಸಿಬಿಡುತ್ತಾರೆ. ಉತ್ತರ ಮುಗಿದಂತೆ ಕಂಡಾಗ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಮೌನ ತುಂಬಲು ಅವರು ಆಡುವ ಮಾತು ಎಷ್ಟೋ ಸಲ ಮೊದಲಿನದಕ್ಕಿಂತ ನಿಜವಾಗಿರುತ್ತದೆ. ಕೊನೆಯಲ್ಲಿ ಎರಡು ಪ್ರಶ್ನೆ ಖಾಯಂ: ‘ನಾನು ಕೇಳಬೇಕಾಗಿದ್ದು ಏನಾದರೂ ಬಿಟ್ಟುಹೋಯಿತೇ?’, ‘ಇನ್ಯಾರನ್ನು ಮಾತಾಡಿಸಿದರೆ ಒಳ್ಳೆಯದು?’ ಪುಸ್ತಕ ಮುಚ್ಚಿದ ಮೇಲೆ ಬಾಗಿಲ ಬಳಿ ಹೊಸ ಮಾತು ಶುರುವಾಗುವುದುಂಟು. ಆಗ ‘ಇದನ್ನೂ ಬರೆದುಕೊಳ್ಳಲೇ?’ ಎಂದು ಕೇಳಿ ಪುಸ್ತಕ ತೆಗೆಯಿರಿ.

ದಿನವೂ ಪಾಠ ಮಾಡುವ ಮೇಷ್ಟ್ರನ್ನು, ಮೇಡಂ ಅವರನ್ನು ವರದಿಗಾರರಾಗಿ ಎದುರಿಸುವುದು ಹೈಸ್ಕೂಲಿನಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ. ‘ಸರ್, ಇದು ಪತ್ರಿಕೆಗೆ. ನೀವು ಹೇಳಿದ್ದನ್ನು ನಿಮ್ಮ ಹೆಸರಿನಲ್ಲಿ ಹಾಕುತ್ತೇನೆ’ ಎಂದು ಮೊದಲೇ ಹೇಳಿದರೆ ಇಬ್ಬರಿಗೂ ತಾವು ಎಲ್ಲಿದ್ದೇವೆ ಎಂದು ಗೊತ್ತಾಗುತ್ತದೆ. ಹೆಸರು ಹಾಕಬಾರದು ಎಂಬ ಷರತ್ತಿದ್ದರೆ ಅದು ಮಾತಿಗೆ ಮುಂಚೆ ತೀರ್ಮಾನವಾಗಬೇಕು. ‘ಹೆಸರು ಬೇಡ’ ಎಂದರೆ ಮಾತನ್ನು ಬಳಸಬಹುದೇ, ಇಲ್ಲವೇ ಮಾಹಿತಿ ಮಾತ್ರ ತಿಳಿದುಕೊಳ್ಳುವುದೇ ಎಂದು ಬಿಡಿಸಿ ಕೇಳಿ. ಅಧಿಕಾರದಲ್ಲಿರುವವರು ಎಲ್ಲ ಹೇಳಿದ ಮೇಲೆ ‘ಬರೆಯಬೇಡ’ ಎಂದರೆ ಒಪ್ಪಲೇಬೇಕೆಂದಿಲ್ಲ. ಎಂಟನೇ ತರಗತಿಯ ಮಗು ಹಾಗೆಂದರೆ ಒಪ್ಪಿಬಿಡಿ. ಆ ಮಗುವಿಗೆ ಪತ್ರಿಕೆಯಲ್ಲಿ ಹೆಸರು ಬಂದರೆ ಏನಾಗುತ್ತದೆಂಬ ಅಂದಾಜಿಲ್ಲ, ನಿಮಗೆ ಇದೆ.

ಯಾರ ಮೇಲಾದರೂ ದೂರು ಇರುವ ವರದಿಯಾದರೆ ಅವರಿಗೆ ಉತ್ತರಿಸಲು ಕನಿಷ್ಠ ಒಂದು ಪೂರ್ತಿ ದಿನ ಕೊಡಿ. ‘ಸಂಪರ್ಕಕ್ಕೆ ಸಿಗಲಿಲ್ಲ’ ಎಂಬುದು ಸೋಮಾರಿಗಳ ವಾಕ್ಯ. ‘ಸೋಮವಾರ ಮತ್ತು ಮಂಗಳವಾರ ಕಚೇರಿಗೆ ಹೋಗಿ, ಪ್ರಶ್ನೆಗಳನ್ನು ಬರೆದು ಕೊಟ್ಟರೂ ಬುಧವಾರ ಸಂಜೆಯವರೆಗೆ ಉತ್ತರ ಬರಲಿಲ್ಲ’ ಎಂದು ಬರೆದರೆ ನೀವು ಪಟ್ಟ ಪ್ರಯತ್ನ ಎಷ್ಟೆಂದು ಓದುಗರೇ ಅಳೆಯುತ್ತಾರೆ. ಇಡೀ ವರದಿಯನ್ನು ಅಚ್ಚಿಗೆ ಮುಂಚೆ ಅವರಿಗೆ ತೋರಿಸುವ ಅಗತ್ಯವಿಲ್ಲ. ಅವರ ಮಾತನ್ನು ಮಾತ್ರ ಓದಿ ಹೇಳಿ ಸರಿಯಿದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಅಂಕಿ ಅಂಶವಿದ್ದರಂತೂ ಕೇಳಲೇಬೇಕು.

ಲೆಕ್ಕದಲ್ಲಿ ಎಡವುವ ಜಾಗ

ರಿಜಿಸ್ಟರ್ ಎಣಿಸಿದಿರಿ ಎನ್ನಿ. ಕಳೆದ ಫೆಬ್ರವರಿಯಲ್ಲಿ 410 ಭೇಟಿ, ಈ ಫೆಬ್ರವರಿಯಲ್ಲಿ 260. ಇಳಿಕೆ 150, 150ನ್ನು 410ರಿಂದ ಭಾಗಿಸಿದರೆ ಸುಮಾರು ಶೇ 37. ತಲೆಬರಹ ಸಿಕ್ಕಿತೆಂದು ಕುಣಿಯುವ ಮುಂಚೆ ಎರಡೂ ತಿಂಗಳಲ್ಲಿ ಗ್ರಂಥಾಲಯ ಎಷ್ಟು ದಿನ ತೆರೆದಿತ್ತು ನೋಡಿ. ಮೊದಲನೆಯದರಲ್ಲಿ 24 ದಿನ, ಎರಡನೆಯದರಲ್ಲಿ 20 ದಿನ ಆಗಿದ್ದರೆ ದಿನದ ಸರಾಸರಿ 17ರಿಂದ 13ಕ್ಕೆ ಇಳಿದಂತಾಯಿತು. ಇಳಿಕೆ ಶೇ 24. ಸುದ್ದಿ ಇನ್ನೂ ಇದೆ, ಆದರೆ ಶೇ 37 ಎಂದು ಬರೆದಿದ್ದರೆ ಗಣಿತದ ಮೇಷ್ಟ್ರು ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ಕೂರಿಸುತ್ತಿದ್ದರು. ಫೆಬ್ರವರಿಯನ್ನು ಫೆಬ್ರವರಿಯೊಂದಿಗೆ ಹೋಲಿಸಿದ್ದೂ ಬೇಕೆಂದೇ. ಪರೀಕ್ಷೆಯ ತಿಂಗಳನ್ನು ರಜೆ ಮುಗಿದ ತಿಂಗಳೊಂದಿಗೆ ಹೋಲಿಸಿದರೆ ಏನು ಬೇಕಾದರೂ ಸಾಧಿಸಬಹುದು. ಇಳಿಕೆಗೆ ಸಮಯ ಬದಲಾದದ್ದೇ ಕಾರಣ ಎಂದು ರಿಜಿಸ್ಟರ್ ಹೇಳುವುದಿಲ್ಲ. ಬಾಗಿಲ ಎದುರು ನಿಂತು ಎಣಿಸಿದ ಸಂಖ್ಯೆಗೆ ಬೆಲೆ ಬರುವುದು ಇಲ್ಲಿ.

ಫಲಿತಾಂಶ ಶೇ 80ರಿಂದ ಶೇ 84ಕ್ಕೆ ಏರಿದರೆ ಅದನ್ನು ‘ಶೇ 4ರಷ್ಟು ಏರಿಕೆ’ ಎಂದು ಬರೆಯುವುದು ರೂಢಿ, ಲೆಕ್ಕದ ಪ್ರಕಾರ ಏರಿದ್ದು ಶೇ 5, ಏಕೆಂದರೆ 4 ಎಂಬುದು 80ರ ಶೇ 5. ಈ ಗೊಂದಲಕ್ಕೆ ಸುಲಭದ ಮದ್ದು: ಎರಡೂ ಸಂಖ್ಯೆಗಳನ್ನು ಕೊಟ್ಟು ಸುಮ್ಮನಾಗಿ.

ಇನ್ನು ಸಮೀಕ್ಷೆ. ಮೂವತ್ತು ಗೆಳೆಯರನ್ನು ಕೇಳಿ ‘ಶಾಲೆಯ ಶೇ 70 ವಿದ್ಯಾರ್ಥಿಗಳ ಅಭಿಪ್ರಾಯ’ ಎನ್ನುವಂತಿಲ್ಲ, ಗೆಳೆಯರು ನಿಮ್ಮಂತೆಯೇ ಯೋಚಿಸುವವರು. 600 ಮಕ್ಕಳ ಶಾಲೆಯಾದರೆ ಹಾಜರಿ ಪುಸ್ತಕಗಳನ್ನು ಸಾಲಾಗಿಟ್ಟುಕೊಂಡು 1ರಿಂದ 20ರ ನಡುವಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಇಪ್ಪತ್ತನೆಯ ಹೆಸರನ್ನು ತೆಗೆದುಕೊಳ್ಳಿ. ಇಷ್ಟಾದರೂ 30 ಜನರ ಮಾದರಿಯಲ್ಲಿ ಉತ್ತರ ಸುಮಾರು 18 ಶೇಕಡಾ ಅಂಕ ಆಚೀಚೆ ಇರಬಹುದು. ಅಂದರೆ 55–45ರ ಫಲಿತಾಂಶದಿಂದ ಯಾರೂ ಗೆದ್ದಂತಾಗಲಿಲ್ಲ. ‘ಕೇಳಿದ 30 ಜನರಲ್ಲಿ 17 ಮಂದಿ’ ಎಂದೇ ಬರೆಯಿರಿ.

ವಾಕ್ಯ

ಸುದ್ದಿಯ ಮುಖ್ಯಾಂಶ ಮೊದಲು, ವಿವರ ಆಮೇಲೆ, ಹಿನ್ನೆಲೆ ಕೊನೆಗೆ ಎಂಬ ತಲೆಕೆಳಗಾದ ಪಿರಮಿಡ್ ಎಲ್ಲರಿಗೂ ಗೊತ್ತು. ಪುಟದಲ್ಲಿ ಜಾಗ ಸಾಲದಾದಾಗ ಉಪಸಂಪಾದಕರು ಕೆಳಗಿನಿಂದ ಕತ್ತರಿಸುತ್ತಾ ಬಂದರೂ ಸುದ್ದಿ ಸಾಯಬಾರದು, ಅಷ್ಟೇ ಅದರ ಲೆಕ್ಕಾಚಾರ. ಪಠ್ಯಪುಸ್ತಕದಲ್ಲಿ ಹೇಳದ ತೊಡಕೊಂದಿದೆ: ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸುದ್ದಿ ಇರುವುದೇ ಅಲ್ಲಿ. ಲೀಡ್, ಅಂದರೆ ವರದಿಯ ಮೊದಲ ವಾಕ್ಯ, ಉದ್ದವಾದಷ್ಟೂ ಸುದ್ದಿ ಹಿಂದೆ ಸರಿಯುತ್ತದೆ. ಒಂದು ಮಾದರಿ ನೋಡಿ:

‘ಶಾಲೆಯ ಆಡಳಿತ ಮಂಡಳಿಯು ಇತ್ತೀಚೆಗೆ ನಡೆದ ಸಭೆಯಲ್ಲಿ ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಹಾಗೂ ಸಿಬ್ಬಂದಿ ಕೊರತೆಯ ಹಿನ್ನೆಲೆಯಲ್ಲಿ ಗ್ರಂಥಾಲಯದ ಸಮಯವನ್ನು ಪರಿಷ್ಕರಿಸಲು ನಿರ್ಧರಿಸಲಾಗಿದೆ.’

‘ಮಂಡಳಿಯು’ ಎಂದು ಶುರುವಾದದ್ದು ‘ನಿರ್ಧರಿಸಲಾಗಿದೆ’ ಎಂದು ಮುಗಿಯುವಷ್ಟರಲ್ಲಿ ವ್ಯಾಕರಣವೇ ತಪ್ಪಿದೆ. ‘ಪರಿಷ್ಕರಿಸಲು’ ಎಂದರೆ ಹೆಚ್ಚಿಸಲೋ ಕಡಿಮೆ ಮಾಡಲೋ ಗೊತ್ತಿಲ್ಲ. ‘ಹಿತದೃಷ್ಟಿ’ ಮಂಡಳಿಯ ವಾದ, ಅದು ವರದಿಗಾರರ ಬಾಯಿಗೆ ಬಂದು ಕೂತಿದೆ. ಇದರ ಬದಲು: ‘ಗ್ರಂಥಾಲಯ ಇನ್ನು ಸಂಜೆ 4:30ಕ್ಕೇ ಮುಚ್ಚಲಿದೆ. ಇದುವರೆಗೆ 6ರವರೆಗೆ ತೆರೆದಿರುತ್ತಿತ್ತು. ಸಂಜೆ ಪಾಳಿಗೆ ಸಿಬ್ಬಂದಿ ಇಲ್ಲದ್ದು ಕಾರಣ ಎನ್ನುತ್ತದೆ ಆಡಳಿತ ಮಂಡಳಿ.’ ಲೀಡ್ ಹತ್ತರಿಂದ ಹದಿನೈದು ಪದದೊಳಗಿದ್ದರೆ ಸಾಮಾನ್ಯವಾಗಿ ಕೆಡುವುದಿಲ್ಲ.

‘-ಲಾಗಿದೆ’, ‘-ಲಾಯಿತು’ ಕಂಡಲ್ಲೆಲ್ಲ ‘ಯಾರು?’ ಎಂದು ಅಂಚಿನಲ್ಲಿ ಬರೆಯಿರಿ. ಮುಚ್ಚಲಾಗಿದೆ, ರದ್ದುಪಡಿಸಲಾಗಿದೆ, ತಿಳಿಸಲಾಗಿದೆ: ಮಾಡಿದವರು ವಾಕ್ಯದಿಂದ ಜಾರಿಕೊಳ್ಳುವ ಬಾಗಿಲು ಇದು. ನೋಟಿಸು ಬರೆಯುವವರಿಗೆ ಈ ಬಾಗಿಲು ಬೇಕು, ವರದಿಗಾರರಿಗೆ ಬೇಡ.

‘ಹೇಳಿದರು’ ಎಂಬುದನ್ನು ಹತ್ತು ಸಲ ಬಳಸಲು ನಾಚಿಕೆಪಟ್ಟು ಪರ್ಯಾಯ ಹುಡುಕುವವರು ಅರಿಯದೆ ತೀರ್ಪು ಕೊಡುತ್ತಿರುತ್ತಾರೆ. ‘ಸ್ಪಷ್ಟಪಡಿಸಿದರು’ ಎಂದರೆ ಹೇಳಿದ್ದು ನಿಜ ಎಂದು ನೀವು ಒಪ್ಪಿದಂತೆ. ‘ಒಪ್ಪಿಕೊಂಡರು’ ಎಂದರೆ ತಪ್ಪಿತ್ತು ಎಂದಂತೆ. ‘ಬಹಿರಂಗಪಡಿಸಿದರು’ ಎಂದರೆ ಮುಚ್ಚಿಟ್ಟಿದ್ದರು ಎಂದಂತೆ. ಅನುಮಾನವಿದ್ದಾಗ ‘ಹೇಳಿದರು’ ಸಾಕು. ಉದ್ದದ ಹೇಳಿಕೆಯಾದರೆ ಮಾತಾಡುತ್ತಿರುವುದು ಯಾರೆಂದು ಮೊದಲೇ ಹೇಳಿಬಿಡಿ. ‘ಎಂದು ಗ್ರಂಥಪಾಲಕರು ಹೇಳಿದರು’ ಎಂಬುದು ನಾಲ್ಕು ಸಾಲಿನ ಬಾಲವಾದರೆ ಓದುಗರು ಅಲ್ಲಿಯವರೆಗೆ ಅದನ್ನು ನಿಮ್ಮ ಮಾತೆಂದೇ ಓದುತ್ತಾರೆ.

ಬಹುವಚನದ ಗೌರವದ ಬಗ್ಗೆಯೂ ಎಚ್ಚರ ಬೇಕು. ‘ಮುಖ್ಯೋಪಾಧ್ಯಾಯರು ಹೇಳಿದರು, ಜವಾನ ಹೇಳಿದ’ ಎಂದು ಬರೆದ ಕೈಗೆ ತಾನೇನು ಬರೆದೆ ಎಂಬುದೇ ಗೊತ್ತಿರುವುದಿಲ್ಲ. ವಯಸ್ಕರೆಲ್ಲರಿಗೂ ‘ಅವರು’ ಎಂದು ನಿಯಮ ಮಾಡಿಕೊಂಡು ಗೋಡೆಗೆ ಅಂಟಿಸಿ.

ತಲೆಬರಹ ಕೊನೆಗೆ. ‘ಗ್ರಂಥಾಲಯಕ್ಕೆ ಬೇಗ ಬೀಗ’ ಎಂದರೆ ಕಿವಿಗೆ ಹಿತ, ಅರ್ಥಕ್ಕೂ ಮೋಸವಿಲ್ಲ. ‘ಗ್ರಂಥಾಲಯಕ್ಕೆ ಬೀಗ’ ಎಂದರೆ ಸುಳ್ಳು. ಒಂದೇ ಪದ ಉಳಿಸಲು ಹೋಗಿ ಸುದ್ದಿ ತಿರುಚುವುದು ಹೀಗೆ. ಸಿಗದ ಫಲಿತಾಂಶಕ್ಕೆ ತಲೆಬರಹ ಕೊಟ್ಟು ಕೆಟ್ಟ ಹೆಸರು ತಂದುಕೊಂಡ ದೊಡ್ಡ ಉದಾಹರಣೆ 1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯದು. ಮುದ್ರಣ ಕಾರ್ಮಿಕರ ಮುಷ್ಕರದಿಂದಾಗಿ ‘ಷಿಕಾಗೊ ಡೈಲಿ ಟ್ರಿಬ್ಯೂನ್’ ಮಾಮೂಲಿಗಿಂತ ಬೇಗ ಅಚ್ಚಿಗೆ ಹೋಗಬೇಕಿತ್ತು. ಸಮೀಕ್ಷೆಗಳನ್ನೂ ಮೊದಲ ಅಂದಾಜನ್ನೂ ನಂಬಿ, ಅಧ್ಯಕ್ಷ ಟ್ರೂಮನ್ ಅವರನ್ನು ಎದುರಾಳಿ ಡ್ಯೂಯಿ ಸೋಲಿಸಿದರೆಂದು ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿತು. ಗೆದ್ದವರು ಟ್ರೂಮನ್. ಅವರು ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಚಿತ್ರ ಈಗಲೂ ಓಡಾಡುತ್ತಿದೆ. ಡೆಡ್‌ಲೈನ್ ಮುಂಚೆ ಬಂದರೆ ತಿಳಿದಷ್ಟನ್ನೇ ಬರೆಯುವುದು, ‘ಎಣಿಕೆ ಮುಂದುವರಿದಿದೆ’ ಎನ್ನುವುದು.

ಬೇರೆಯವರು ಕಳಿಸಿದ್ದು

ಫೋನಿಗೆ ಬಂದ ಚಿತ್ರ, ಜಾಲತಾಣದಲ್ಲಿ ಕಂಡ ಅಂಕಿ ಇವನ್ನು ಬಳಸುವ ಮುಂಚೆ ಮೂಲ ಹುಡುಕಬೇಕು. ಚಿತ್ರ ಕೊಟ್ಟರೆ ಅದು ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೂ ಟಿನ್‌ಐಗೂ ಕೊಟ್ಟು ನೋಡಿ. ಟಿನ್‌ಐನಲ್ಲಿ ಅತಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ‘ನಿನ್ನೆಯ ಮಳೆ’ಯ ಚಿತ್ರ ನಾಲ್ಕು ವರ್ಷ ಹಿಂದೆಯೇ ಜಾಲದಲ್ಲಿದ್ದರೆ ಅಲ್ಲಿಗೆ ಮುಗಿಯಿತು. ಹಳೆಯದು ಸಿಗದಿದ್ದರೆ ಹೊಸದೆಂದು ಸಾಬೀತಾಗುವುದಿಲ್ಲ. ಕಳಿಸಿದವರನ್ನೇ ಕೇಳಿ: ನೀವೇ ತೆಗೆದಿರಾ, ಮೂಲ ಫೈಲ್ ಇದೆಯಾ, ಅದರ ಹಿಂದೆ ಮುಂದೆ ತೆಗೆದ ಚಿತ್ರಗಳಿವೆಯಾ? ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ತೆಗೆದ ಸಮಯ, ಜಾಗದ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಪರಿಚಿತ ಜಾಲತಾಣದ ಬಗ್ಗೆ ಒಂದು ಅಧ್ಯಯನ ನೆನಪಿಡುವಂಥದ್ದು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ್ದು. ಇತಿಹಾಸಕಾರರು, ವೃತ್ತಿನಿರತ ಫ್ಯಾಕ್ಟ್‌ಚೆಕರ್‌ಗಳು (ಸುದ್ದಿಯ ನಿಜಾಂಶ ಪರಿಶೀಲಿಸುವವರು), ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೇರಿ 45 ಜನ ಜಾಲತಾಣಗಳನ್ನು ಹೇಗೆ ತೂಗುತ್ತಾರೆಂದು ಅವರು ಗಮನಿಸಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಅದೇ ಪುಟವನ್ನು ಮೇಲಿನಿಂದ ಕೆಳಗೆ ಓದಿ, ಚಂದದ ಲೋಗೊ, ಗಂಭೀರ ಹೆಸರು ಇಂಥವಕ್ಕೆ ಮರುಳಾದದ್ದೇ ಹೆಚ್ಚು. ಫ್ಯಾಕ್ಟ್‌ಚೆಕರ್‌ಗಳು ಪುಟವನ್ನು ಬಿಟ್ಟು ಹೊಸ ಟ್ಯಾಬ್‌ಗಳನ್ನು ತೆರೆದು, ಆ ಸಂಸ್ಥೆಯ ಬಗ್ಗೆ ಉಳಿದವರು ಏನೆನ್ನುತ್ತಾರೆ ಎಂದು ಹುಡುಕಿದರು. ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಅಳಿಸಿಹೋದ ಪುಟಕ್ಕೆ, ಜಾಲತಾಣಗಳ ಹಳೆಯ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ. ನೀವು ಆಧಾರವಾಗಿಸಿಕೊಂಡ ಪುಟವನ್ನೂ ಅವತ್ತೇ ಅಲ್ಲಿ ಉಳಿಸಿಡಿ. ಎಐ ಚಾಟ್‌ಬಾಟ್‌ಗಳನ್ನು ಮೂಲ ಎಂದು ಬಳಸಬೇಡಿ. ಇಲ್ಲದ ವ್ಯಕ್ತಿಯ ಬಾಯಲ್ಲಿ ಇಲ್ಲದ ಮಾತನ್ನು ಸೊಗಸಾಗಿ ಹಾಕಿಕೊಡುತ್ತವೆ, ಅದೂ ಹುದ್ದೆಯ ಸಮೇತ.

ಚಿತ್ರ ಮತ್ತು ದನಿಯ ಬಗ್ಗೆ ಚಿಕ್ಕದಾಗಿ. ಒಂದು ಜಾಗದಲ್ಲಿ ದೂರದ್ದು, ನಡುವಿನದು, ಹತ್ತಿರದ್ದು ಮೂರೂ ತೆಗೆಯಿರಿ. ಎಲ್ಲರೂ ಸಾಲಾಗಿ ನಿಂತ ಚಿತ್ರ ನಾಲ್ಕನೆಯದಾಗಿ ಇರಲಿ. ಓಡುವ ಆಟಗಾರರಿಗೆ ಷಟರ್ ವೇಗ (ಕ್ಯಾಮೆರಾದ ಕಣ್ಣು ತೆರೆದಿರುವ ಸಮಯ) 1/500 ಸೆಕೆಂಡ್ ಅಥವಾ ಅದಕ್ಕಿಂತ ಚುರುಕಾಗಿರಬೇಕು. ಎಡದಿಂದ ಯಾರ್‍ಯಾರು ಎಂದು ಅಲ್ಲೇ ಬರೆದುಕೊಳ್ಳದಿದ್ದರೆ ಆಮೇಲೆ ಗೊತ್ತಾಗುವುದಿಲ್ಲ. ದನಿಗೆ ಮೈಕನ್ನು ಬಾಯಿಂದ ಒಂದು ಗೇಣು ದೂರ ಹಿಡಿಯಿರಿ, ಫ್ಯಾನ್ ಆರಿಸಿ, ಮಾತು ಮುಗಿದ ಮೇಲೆ ಅದೇ ಕೋಣೆಯ ಮೌನವನ್ನು ಅರ್ಧ ನಿಮಿಷ ದಾಖಲಿಸಿ. ಮಾತಿನ ತುಂಡುಗಳನ್ನು ಜೋಡಿಸುವಾಗ ಅದನ್ನು ಕೆಳಗೆ ಹಾಸಿದರೆ ಹೊಲಿಗೆ ಕೇಳಿಸುವುದಿಲ್ಲ.

ಅಚ್ಚಿಗೆ ಮುಂಚೆ, ಅಚ್ಚಾದ ಮೇಲೆ

ನೀವು ಇರುವ ತಂಡದ ಬಗ್ಗೆ ನೀವೇ ಬರೆಯಬೇಡಿ. ಬೀಟ್ ಅದಲುಬದಲು ಮಾಡಿಕೊಳ್ಳಿ. ಚಿಕ್ಕ ಪತ್ರಿಕೆಯಲ್ಲಿ ಅದು ಸಾಧ್ಯವೇ ಇಲ್ಲದಿದ್ದರೆ ವರದಿಯ ಕೊನೆಯಲ್ಲಿ ‘ವರದಿಗಾರರು ಈ ತಂಡದ ಸದಸ್ಯರು’ ಎಂದು ಒಂದು ಸಾಲು ಹಾಕಿ.

ವರದಿ ಮುಗಿದ ಮೇಲೆ ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಹಳೆಯ ಎಎಸ್‌ಸಿಐಐ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ, ಅಂದರೆ ಈಗ ಫೋನು, ಜಾಲತಾಣಗಳಲ್ಲಿ ಬಳಸುವ ಅಕ್ಷರ ಸಂಕೇತಕ್ಕೆ, ಬದಲಿಸಿದ್ದರೆ ಒತ್ತಕ್ಷರ, ಅರ್ಕಾವತ್ತು ಕದಲಿವೆಯೇ ನೋಡಿ. ಆಮೇಲೆ ಬಣ್ಣದ ಪೆನ್ಸಿಲ್. ಪ್ರತಿ ಹೆಸರು, ಹುದ್ದೆ, ತಾರೀಖು, ಅಂಕಿ, ನೇರ ಮಾತಿಗೆ ಅಡಿಗೆರೆ ಎಳೆದು, ಅದರ ಮೇಲೆ ನೋಟ್‌ಪುಸ್ತಕದ ಪುಟಸಂಖ್ಯೆಯನ್ನೋ ರೆಕಾರ್ಡಿಂಗ್‌ನ ನಿಮಿಷವನ್ನೋ ಬರೆಯಿರಿ. ಸಂಖ್ಯೆ ಬರೆಯಲಾಗದ ಕಡೆ ಮತ್ತೆ ಫೋನ್ ಮಾಡಬೇಕು, ಇಲ್ಲ ಆ ಸಾಲು ತೆಗೆಯಬೇಕು. ಈ ಸುತ್ತನ್ನು ಬರೆದವರು ಒಮ್ಮೆ, ಬರೆಯದ ಇನ್ನೊಬ್ಬರು ಒಮ್ಮೆ ಮಾಡಬೇಕು. ಸಾಧಾರಣ ಉದ್ದದ ವರದಿಗೆ ಅರ್ಧ ಗಂಟೆ ಹಿಡಿಯುತ್ತದೆ, ಆದ್ದರಿಂದ ಡೆಡ್‌ಲೈನ್ ಅನ್ನು ಅಚ್ಚಿನ ದಿನದಿಂದ ಹಿಂದಕ್ಕೆ ಎಣಿಸುವಾಗ ಇದಕ್ಕೊಂದು ಸಂಜೆ ಬಿಟ್ಟಿಡಿ. ನೋಟ್‌ಪುಸ್ತಕವನ್ನು ಒಂದು ವರ್ಷವಾದರೂ ಎಸೆಯಬೇಡಿ.

ಇಷ್ಟಾದರೂ ತಪ್ಪು ಅಚ್ಚಾಗುತ್ತದೆ. ಆದಾಗ ಮುಂದಿನ ಸಂಚಿಕೆಯಲ್ಲಿ, ಪ್ರತಿ ಸಲ ಒಂದೇ ಜಾಗದಲ್ಲಿ, ಏನು ತಪ್ಪಿತ್ತು, ಸರಿ ಯಾವುದು ಎರಡನ್ನೂ ಹೇಳಿ. ‘ಕಣ್ತಪ್ಪಿನಿಂದಾದ ಪ್ರಮಾದಕ್ಕೆ ವಿಷಾದಿಸುತ್ತೇವೆ’ ಎಂದಷ್ಟೇ ಹಾಕಿದರೆ ಯಾವ ಪ್ರಮಾದವೆಂದು ಯಾರಿಗೂ ಗೊತ್ತಾಗುವುದಿಲ್ಲ. ಹೀಗಿರಲಿ: ‘ಕಳೆದ ಸಂಚಿಕೆಯ 2ನೇ ಪುಟದ “ಗ್ರಂಥಾಲಯಕ್ಕೆ ಬೇಗ ಬೀಗ” ವರದಿಯಲ್ಲಿ ದಿನದ ಸರಾಸರಿ ಭೇಟಿ 31 ಎಂದು ಅಚ್ಚಾಗಿತ್ತು. ಸರಿಯಾದ ಸಂಖ್ಯೆ 13.’ ಜಾಲದಲ್ಲಿರುವ ಪ್ರತಿಯನ್ನೂ ತಿದ್ದಿ, ತಿದ್ದಿದ ತಾರೀಖನ್ನು ಕೆಳಗೆ ಹಾಕಿ. ಆಮೇಲೆ ನೋಟ್‌ಪುಸ್ತಕ ತೆರೆದು ನೋಡಿ. ಅಲ್ಲಿ 13 ಎಂದೇ ಇದ್ದರೆ ಅಂಕಿ ತಿರುಗಿದ್ದು ಟೈಪ್ ಮಾಡುವಾಗ, ಮತ್ತು ಬಣ್ಣದ ಪೆನ್ಸಿಲಿನ ಎರಡನೇ ಸುತ್ತನ್ನು ಯಾರೋ ಬಿಟ್ಟಿದ್ದಾರೆ.